ಮಷೀನ್ ಲರ್ನಿಂಗ್ ಇದ್ದಮೇಲೆ ಸಾಲ್ವರ್ ಏಕೆ?

ಪ್ರಶ್ನೆ: ನಿರ್ಬಂಧಗಳಿರುವ ಆಪ್ಟಿಮೈಸೇಷನ್ (ಮಿತಿಗಳೊಳಗೆ ಅತ್ಯುತ್ತಮ ಆಯ್ಕೆ ಹುಡುಕುವ) ಲೆಕ್ಕಗಳ ಉತ್ತರವನ್ನು ನರಜಾಲಕ್ಕೇ, ಅಂದರೆ ಉದಾಹರಣೆಗಳಿಂದ ಕಲಿಯುವ ಮಾದರಿಗೇ, ಕಲಿಸಿಬಿಟ್ಟರೆ ಅವನ್ನು ಗಣಿತದ ಕ್ರಮದಿಂದ ಬಿಡಿಸುವ ಸಾಲ್ವರ್ ತಂತ್ರಾಂಶದ ಹಂಗೇಕೆ?

ಉತ್ತರ: ಇದಕ್ಕೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೆ ಎಂದು ಎಣಿಸುವುದನ್ನು ಬಿಟ್ಟಿದ್ದೇನೆ. ಈ ಸಲ ವಿದ್ಯುತ್ ಗ್ರಿಡ್ಡನ್ನು ಎದುರಿಗಿಟ್ಟುಕೊಳ್ಳೋಣ. ನಮ್ಮ ದೇಶದಲ್ಲಿ ದಿನವನ್ನು 15 ನಿಮಿಷಗಳ 96 ತುಂಡು ಮಾಡಿ, ಒಂದೊಂದರಲ್ಲೂ ಯಾವ ಸ್ಥಾವರ ಎಷ್ಟು ಉತ್ಪಾದಿಸಬೇಕೆಂದು ಗೊತ್ತುಮಾಡುತ್ತಾರೆ. ಖರ್ಚು ಕಡಿಮೆಯಾಗಬೇಕು, ಬೇಡಿಕೆ ತೂಗಬೇಕು, ಯಾವ ವಿದ್ಯುತ್ ಮಾರ್ಗಕ್ಕೂ ಹೊರೆ ಮೀರಬಾರದು.

‘ಶೇ 99.5ರಷ್ಟು ನಿಖರವಾದ ಮಾದರಿ ಸಾಲದೇ?’ ಸಾಲದು. 10,000 ಮೆಗಾವಾಟ್ ಬೇಡಿಕೆಯಲ್ಲಿ ಅರ್ಧ ಶೇಕಡಾ ಎಂದರೆ 50 ಮೆಗಾವಾಟ್. ಸಂತೆಯ ತಕ್ಕಡಿಯಲ್ಲಿ ಕೊಸರು ನಡೆಯುತ್ತದೆ. ಗ್ರಿಡ್ಡಿನಲ್ಲಿ ತೂಕ ತಪ್ಪಿದರೆ ಆವರ್ತನ 50 ಹರ್ಟ್ಸ್‌ನಿಂದ ಜಾರುತ್ತದೆ. ಕೊರತೆಯನ್ನು ಎಲ್ಲ ಸ್ಥಾವರಗಳಿಗೂ ಹಂಚಿಬಿಡಿ ಎನ್ನುವವರಿದ್ದಾರೆ. ಹಂಚಿ ನೋಡಿ: ಯಾವುದೋ ಸ್ಥಾವರ ತನ್ನ ಮಿತಿ ದಾಟಿರುತ್ತದೆ, ಇಲ್ಲವೇ ಯಾವುದೋ ಮಾರ್ಗ. ಅಗ್ಗದ ಉತ್ತರ ಮಿತಿಗಳಿಗೆ ಒತ್ತಿಕೊಂಡೇ ಕೂತಿರುತ್ತದೆ. ಕೊಂಚ ಅಲುಗಿದರೂ ಗಡಿಯಾಚೆ. ಇನ್ನು ‘ಚಾಲೂ ಮಾಡಬೇಕೇ, ಬೇಡವೇ’ ಎಂಬ ನಿರ್ಧಾರವಿದ್ದರಂತೂ ಮುಗಿಯಿತು. ಸಮಾನ ಖರ್ಚಿನ ಎರಡು ಘಟಕಗಳಲ್ಲಿ ತರಬೇತಿಯ ಅರ್ಧ ಉದಾಹರಣೆಗಳು ಒಂದನ್ನು, ಉಳಿದರ್ಧ ಇನ್ನೊಂದನ್ನು ಆರಿಸಿದ್ದರೆ ಮಾದರಿ ಎರಡಕ್ಕೂ 0.5 ಎನ್ನುತ್ತದೆ. ಬಾಯ್ಲರನ್ನು ಅರ್ಧ ಚಾಲೂ ಮಾಡುವುದು ಹೇಗೆಂದು ಅದನ್ನೇ ಕೇಳಿ.

ಕಲಿಕೆ ವ್ಯರ್ಥವೆಂದು ನಾನು ಹೇಳಲಿಲ್ಲ. ಸಾಲ್ವರಿಗೆ ಅದು ಸುಳಿವು ಕೊಡಲಿ. ಸಾವಿರಾರು ಮಾರ್ಗಗಳಲ್ಲಿ ನಿಜಕ್ಕೂ ಮಿತಿ ಮುಟ್ಟುವವು ಕೆಲವೇ. ಹಳೆಯ ದಿನಗಳ ಲೆಕ್ಕಗಳಿಂದ ಅವನ್ನು ಊಹಿಸಿ, ಅಷ್ಟನ್ನೇ ಇಟ್ಟು ಬಿಡಿಸಿ, ಉಳಿದವನ್ನು ಕೊನೆಗೆ ತಾಳೆ ನೋಡಿದರಾಯಿತು. ಮೀರಿದ್ದು ಕಂಡರೆ ಸೇರಿಸಿ ಮತ್ತೆ ಬಿಡಿಸುವುದು. ಊಹೆ ತಪ್ಪಿದರೆ ಸಮಯ ಹೋಗುತ್ತದೆ, ಉತ್ತರ ಕೆಡುವುದಿಲ್ಲ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರು ಇಂಥ ಸುಳಿವುಗಳಿಂದ ಅತ್ಯುತ್ತಮ ಉತ್ತರದ ಖಾತರಿ ಉಳಿಸಿಕೊಂಡೇ ಸರಾಸರಿ 4.3 ಪಟ್ಟು ವೇಗ ಪಡೆದರು; ಖಾತರಿ ಬಿಟ್ಟಾಗ 10.2 ಪಟ್ಟು.

ನಿನ್ನೆಯ ಉತ್ತರದಿಂದಲೇ ಸಾಲ್ವರ್ ಇಂದು ಹೊರಡಬಹುದೇ ಎಂದು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. 1947ರಲ್ಲಿ ಗಣಿತಜ್ಞ ಡಾಂಟ್ಜಿಗ್ ರೂಪಿಸಿದ ಸಿಂಪ್ಲೆಕ್ಸ್ ಎಂಬ ಸಾಲ್ವರ್ ವಿಧಾನ, ಮಿತಿಗಳು ಸುತ್ತುವರಿದ ಪ್ರದೇಶದ ಅಂಚಿನಲ್ಲಿ ಮೂಲೆಯಿಂದ ಮೂಲೆಗೆ ನಡೆಯುತ್ತದೆ; ಹತ್ತಿರದ ಮೂಲೆ ತೋರಿಸಿದರೆ ಬೇಗ ಮುಟ್ಟುತ್ತದೆ. ಸಾಲ್ವರಿನ ಇನ್ನೊಂದು ವಿಧಾನವಾದ ಆಂತರಿಕ ಬಿಂದುವಿನದು ಗಡಿಯಿಂದ ದೂರವಿದ್ದು ನಡುವೆ ಸಾಗುವ ದಾರಿ. ಅದನ್ನು ಗಡಿಯಂಚಿನಲ್ಲೇ ಇಳಿಸಿದರೆ ಹೆಜ್ಜೆ ಕಿರಿದಾಗಿ ತೆವಳುತ್ತದೆ. ಅದಕ್ಕೆ ನಿನ್ನೆಯ ಉತ್ತರವನ್ನು ತುಸು ಒಳಕ್ಕೆ ತಳ್ಳಿಯೇ ಕೊಡಬೇಕು.