ಯಾರಿಗೆ ಕಲಿಸಬಾರದು? ಚೀನಾದ ಸಮರಕಲೆಯ ಹಳೆಯ ಪ್ರಶ್ನೆ

2017ರ ಏಪ್ರಿಲ್‌ನಲ್ಲಿ ಚೀನಾದ ಚೆಂಗ್ಡು ನಗರದಲ್ಲಿ ತಾಯ್ ಚಿ ಎಂಬ ನಿಧಾನ ಚಲನೆಯ ಸಮರಕಲೆಯ ಗುರುವೊಬ್ಬರಿಗೂ ಎಂಎಂಎ (ಹಲವು ಕಾಳಗ ಪದ್ಧತಿಗಳನ್ನು ಬೆರೆಸಿದ ಕ್ರೀಡೆ) ಪಟುವೊಬ್ಬರಿಗೂ ನಡೆದ ಕಾಳಗ ಅರ್ಧ ನಿಮಿಷವೂ ಹಿಡಿಯಲಿಲ್ಲ. ಗುರುಗಳು ನೆಲಕ್ಕೆ ಬಿದ್ದರು. ವಿಡಿಯೊ ದೇಶವೆಲ್ಲ ಹರಡಿತು. ಆಮೇಲಿನ ವಾಗ್ವಾದದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಈ ವಿದ್ಯೆ ಹೊಡೆದಾಟಕ್ಕೆ ಒದಗುತ್ತದೆಯೇ? ಅದರ ಬೆನ್ನಿಗೆ ಬಂದ 'ವೂ ದ', ಅಂದರೆ ಸಮರನೀತಿ, ನಿಜವಾಗಿಯೂ ಇತ್ತೇ? ಮೊದಲನೆಯದಕ್ಕೆ ಅಖಾಡ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಕೊಡಲಾರದು.

ದಕ್ಷಿಣ ಭಾರತದ ಬೋಧಿಧರ್ಮನೇ ಚೀನಾದ ಶಾವೊಲಿನ್ ಬೌದ್ಧಮಠದ ಭಿಕ್ಷುಗಳಿಗೆ ಈ ವಿದ್ಯೆ ಕಲಿಸಿದನೆಂಬ ಕಥೆ ನಮಗೆಲ್ಲ ಪ್ರಿಯ. ಆದರೆ ಆ ಕಥೆಗೆ ಆಧಾರವಾದ ಅಂಗಸಾಧನೆಯ ಗ್ರಂಥ ಹುಟ್ಟಿದ್ದೇ 17ನೇ ಶತಮಾನದಲ್ಲಿ. ಇತಿಹಾಸಕಾರ ಟಾಂಗ್ ಹಾವೊ 1930ರಲ್ಲೇ ಈ ಕಥೆಯನ್ನು ತಳ್ಳಿಹಾಕಿದ್ದರು. ಮಠ ಸ್ಥಾಪನೆಯಾದದ್ದು 495ರಲ್ಲಿ. 621ರಲ್ಲಿ ಅಲ್ಲಿನ ಭಿಕ್ಷುಗಳು ಟಾಂಗ್ ವಂಶದ ಪರ ಯುದ್ಧಕ್ಕಿಳಿದರು. ಅಹಿಂಸೆಯ ವ್ರತ ತೊಟ್ಟವರ ಕೈಗೆ ಆಯುಧ ಬಂದದ್ದು ಹೀಗೆ. ಮುಂದಿನ ಸಾವಿರ ವರ್ಷ ಈ ಇರುಸುಮುರುಸು ಉಳಿದೇ ಇತ್ತು.

ನೀತಿಯ ಮಾತು ಸ್ಪಷ್ಟವಾಗಿ ಕೇಳಿಸುವುದು ಪೂರ್ವ ಚೀನಾದ ನಿಂಗ್ಬೊ ಪ್ರದೇಶದ ವಾಂಗ್ ಝೆಂಗ್‌ನಾನ್ ಎಂಬ ಬಡ ಗುರುವಿನ ಬದುಕಿನಲ್ಲಿ. ಮಿಂಗ್ ಸಾಮ್ರಾಜ್ಯ ಕುಸಿದಾಗ ಉತ್ತರದಿಂದ ದಂಡೆತ್ತಿ ಬಂದ ಮಂಚುಗಳ ವಿರುದ್ಧ ಹೋರಾಡಿದ ಆತ, ಸೋತ ಮೇಲೆ ಶೋಕದ ಗುರುತಾಗಿ ಕೊನೆಯವರೆಗೂ ಮಾಂಸ ಮುಟ್ಟಲಿಲ್ಲ. 1669ರಲ್ಲಿ ಆತ ತೀರಿಕೊಂಡಾಗ ಸಮಾಧಿಲೇಖ ಬರೆದವನು ವಿದ್ವಾಂಸ ಹುವಾಂಗ್ ಝೋಂಗ್‌ಶಿ. ಶಾವೊಲಿನ್‌ನದು ಎರಗಿ ಹೊಡೆಯುವ ವಿದ್ಯೆ, ವಾಂಗ್‌ನದು ನಿಶ್ಚಲತೆಯಿಂದ ಚಲನೆಯನ್ನು ಗೆಲ್ಲುವ 'ಒಳಮನೆ'ಯ ವಿದ್ಯೆ ಎಂದು ಅದರಲ್ಲಿದೆ. ಸೋತ ನಾಡಿನ ವಿದ್ವಾಂಸನೊಬ್ಬ ಹೀಗೆ ಬರೆದಾಗ ಅದು ಬರೀ ಕುಸ್ತಿಯ ಮಾತಾಗಿರಲಿಲ್ಲ, ಮಂಚು ಆಳ್ವಿಕೆಗೆ ಒಡ್ಡಿದ ಪ್ರತಿರೋಧವೂ ಆಗಿತ್ತು ಎಂದು ಹಲವು ಇತಿಹಾಸಕಾರರು ಓದುತ್ತಾರೆ. ನನಗೂ ಹಾಗೆಯೇ ಕಾಣುತ್ತದೆ.

ಈ ವಿದ್ವಾಂಸನ ಮಗ ಬೈಜಿಯಾ, ವಾಂಗ್‌ನ ಶಿಷ್ಯನಾಗಿದ್ದ. ಗುರುವಿನ ಮನೆ ಇಕ್ಕಟ್ಟಾಗಿದ್ದರಿಂದ ಪಕ್ಕದ ಕಬ್ಬಿಣದ ಬುದ್ಧನ ಗುಡಿಯಲ್ಲಿ ಪಾಠ ನಡೆಯುತ್ತಿತ್ತು. ಐವರಿಗೆ ವಿದ್ಯೆ ಕೊಡಬಾರದೆಂದು ಗುರು ಕಟ್ಟಳೆ ಮಾಡಿದ್ದನ್ನು ಬೈಜಿಯಾ ಬರೆದಿಟ್ಟಿದ್ದಾನೆ: ಮನಸ್ಸಿನಲ್ಲಿ ಕೇಡಿಟ್ಟುಕೊಂಡವನು, ಕಾಲುಕೆರೆದು ಜಗಳಕ್ಕೆ ಹೋಗುವವನು, ಕುಡಿದು ಮತಿಗೆಡುವವನು, ಕಲಿತದ್ದನ್ನು ಸುಲಭವಾಗಿ ಮೆರೆಸುವವನು, ಮೈ ಮೆತ್ತಗಿದ್ದು ಬುದ್ಧಿ ಮಂದವಾದವನು. ನಾಲ್ಕು ಸ್ವಭಾವದ ಪರೀಕ್ಷೆ, ಒಂದೇ ಒಂದು ಮೈಕಟ್ಟಿನದು. ಆದರೆ ಇಷ್ಟು ಜರಡಿ ಹಿಡಿದು ಆಯ್ದ ಶಿಷ್ಯ ಸರ್ಕಾರಿ ಪರೀಕ್ಷೆಯ ಓದಿಗೆಂದು ಅಭ್ಯಾಸ ಬಿಟ್ಟ. ಗುರುವಿನ ಮರಣಾನಂತರ, ಈ ವಿದ್ಯೆ ಕಲಿತವನು ತಾನೊಬ್ಬನೇ, ತನ್ನಿಂದಲೇ ಅದು ನಿಂತುಹೋಯಿತು ಎಂದು ಪರಿತಪಿಸಿದ. ಆ ಬರಹವನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಷ್ಟು ಬಿಗಿಯಾದ ಬಾಗಿಲನ್ನು 20ನೇ ಶತಮಾನ ತೆರೆಯಿತು. ವಿದೇಶಿಯರ ವಿರುದ್ಧ ಎದ್ದ 1900ರ ಬಾಕ್ಸರ್ ದಂಗೆಯಲ್ಲಿ, ಮಂತ್ರ ಹೇಳಿದರೆ ಗುಂಡು ತಾಗದೆಂದು ನಂಬಿದ ಯುವಕರು ಗುಂಡಿಗೇ ಬಲಿಯಾದ ಮೇಲೆ ಗುಟ್ಟಿನ ವಿದ್ಯೆಗೆ ಮರ್ಯಾದೆ ಉಳಿಯಲಿಲ್ಲ. 1910ರಲ್ಲಿ ಶಾಂಘೈಯಲ್ಲಿ ಆರಂಭವಾದ ಜಿಂಗ್‌ವೂ ಸಂಸ್ಥೆ ಪಂಥಭೇದವಿಲ್ಲದೆ, ಕ್ರಮೇಣ ಮಹಿಳೆಯರಿಗೂ, ಬಹಿರಂಗವಾಗಿ ಕಲಿಸಿತು. 1928ರ ನಾನ್‌ಜಿಂಗ್‌ನ ರಾಷ್ಟ್ರೀಯ ಸಮರಕಲಾ ಸಂಸ್ಥೆ, 1949ರ ನಂತರದ ಕಮ್ಯುನಿಸ್ಟ್ ಸರ್ಕಾರದ ಕ್ರೀಡಾ ಇಲಾಖೆ, 1956ರ 24 ಭಂಗಿಗಳ ಸರಳ ತಾಯ್ ಚಿ ಎಲ್ಲವೂ ಅದೇ ಹಾದಿ ಹಿಡಿದವು. ಕೋಟ್ಯಂತರ ಜನರಿಗೆ ಆರೋಗ್ಯ ಸಿಕ್ಕಿತು. ಅಂಕ ಕೊಡಲು ಬಾರದ ಸ್ವಭಾವದ ಭಾಗ ಹಿಂದೆ ಸರಿಯಿತು.

2020ರಲ್ಲಿ ಚೀನಾದ ವೂಶೂ (ಸಮರಕಲೆ) ಸಂಘವೇ 'ಮಹಾಗುರು' ಎಂದು ಸ್ವಯಂ ಬಿರುದು ಹೊತ್ತುಕೊಳ್ಳಬೇಡಿ, ಖಾಸಗಿ ಕಾಳಗ ಏರ್ಪಡಿಸಬೇಡಿ ಎಂದು ಮನವಿ ಮಾಡಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತಾಯ್ ಚಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ವಾಂಗ್ ಹೊರಗಿಟ್ಟಿದ್ದ ಐದನೆಯವನಿಗೆ, ಮೈ ಮೆತ್ತಗಿನವನಿಗೆ, ಇಂದು ಪಾರ್ಕಿನಲ್ಲಿ ಜಾಗವಿದೆ, ಅದು ಆಗಬೇಕಾದದ್ದೇ. ಉಳಿದ ನಾಲ್ವರನ್ನು ಗುರುತಿಸಬೇಕಾದರೆ ಗುರು ಶಿಷ್ಯನನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿರಬೇಕು. ವಾರಕ್ಕೆ ಎರಡು ಗಂಟೆಯ ತರಗತಿಯಲ್ಲಿ ಅಷ್ಟು ಸಮಯ ಇಬ್ಬರಿಗೂ ಸಿಗುವುದಿಲ್ಲ.