ವೈಟ್ ಟಾಪಿಂಗ್ ಎಂದರೇನು?

ಬೆಂಗಳೂರಿನಲ್ಲಿ ಈಗ ಯಾವ ಕಾಂಕ್ರೀಟ್ ರಸ್ತೆ ಕಂಡರೂ ‘ವೈಟ್ ಟಾಪಿಂಗ್’ ಅಂದುಬಿಡುತ್ತಾರೆ. ಎರಡೂ ಒಂದೇ ಅಲ್ಲ. ಮಣ್ಣು ಅಗೆದು, ಜಲ್ಲಿ ಹಾಸಿ, ಬುಡದಿಂದ ಕಟ್ಟಿದ್ದು ಕಾಂಕ್ರೀಟ್ ರಸ್ತೆ. ಇರುವ ಡಾಂಬರು ರಸ್ತೆಯನ್ನೇ ತಳಪಾಯ ಮಾಡಿಕೊಂಡು ಮೇಲೆ ಕಾಂಕ್ರೀಟ್ ಹೊದಿಸಿದ್ದು ವೈಟ್ ಟಾಪಿಂಗ್. ಕರಿ ರಸ್ತೆಯ ಮೇಲೆ ಬಿಳಿ ಪದರ, ಹೆಸರು ಬಂದದ್ದು ಅಷ್ಟರಿಂದಲೇ. 2017ರ ಹೊತ್ತಿಗೆ ಬಿಬಿಎಂಪಿ ದೊಡ್ಡ ರಸ್ತೆಗಳಲ್ಲಿ ಕೆಲಸ ಶುರುಮಾಡಿದ ಮೇಲೆ ಈ ಪದ ಆಟೋ ಸ್ಟ್ಯಾಂಡಿನವರೆಗೂ ಬಂತು.

ರಸ್ತೆ ನಿರ್ಮಾಣದ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯ ಪ್ರಕಾರ ಪದರ 200 ಮಿ.ಮೀ. ಅಥವಾ ಹೆಚ್ಚಿದ್ದರೆ ಸಾಂಪ್ರದಾಯಿಕ, 100ರಿಂದ 200ರೊಳಗಿದ್ದರೆ ತೆಳು ವೈಟ್ ಟಾಪಿಂಗ್. ಮೊದಲು ಹಳೇ ಡಾಂಬರಿನ ಮೇಲ್ಮೈಯನ್ನು ಯಂತ್ರದಿಂದ ಹೆರೆಯುತ್ತಾರೆ. ತೆಳು ಪದರಕ್ಕಾದರೆ ಹೆರೆದ ಮೇಲೂ ಕನಿಷ್ಠ 75 ಮಿ.ಮೀ. ಗಟ್ಟಿ ಡಾಂಬರು ಉಳಿದಿರಬೇಕು. ಆಮೇಲೆ ಸಾಮಾನ್ಯವಾಗಿ ಎಂ40 ಎಂಬ ಗಟ್ಟಿ ದರ್ಜೆಯ ಕಾಂಕ್ರೀಟ್.

ಗೆಲ್ಲುವುದೂ ಸೋಲುವುದೂ ಮೊದಲ ರಾತ್ರಿಯಲ್ಲಿ. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ, ಕುಗ್ಗಿದ್ದು ಎಲ್ಲಾದರೂ ಬಿರುಕು ಬಿಡಲೇಬೇಕು. ಆ ಬಿರುಕು ನಾವು ಹೇಳಿದ ಕಡೆ ಬರಲಿ ಎಂದೇ ಗರಗಸದಿಂದ ಗೆರೆ (ಜಾಯಿಂಟ್) ಕೊಯ್ಯುವುದು. ತೆಳು ಪದರವನ್ನು ಸುಮಾರು ಒಂದು ಮೀಟರ್ ಚೌಕಗಳಾಗಿ, ದಪ್ಪದ ಮೂರನೇ ಒಂದು ಭಾಗದಷ್ಟು ಆಳಕ್ಕೆ (180 ಮಿ.ಮೀ. ಪದರವಾದರೆ 60 ಮಿ.ಮೀ.) ಕೊಯ್ಯಬೇಕು. ಬೇಗ ಕೊಯ್ದರೆ ಅಂಚಿನ ಜಲ್ಲಿ ಕಿತ್ತುಬರುತ್ತದೆ. ತಡವಾದರೆ ಕಾಂಕ್ರೀಟ್ ತನ್ನಿಷ್ಟ ಬಂದ ಕಡೆ ಸೀಳಿಕೊಂಡಿರುತ್ತದೆ. ರಾತ್ರಿ ಹತ್ತಕ್ಕೆ ಸುರಿದ ಕಾಂಕ್ರೀಟ್ ಹತ್ತಿರ ಬೆಳಗಿನ ಜಾವ ಕಟಿಂಗ್ ಯಂತ್ರ ಇರಲಿಲ್ಲವೆಂದರೆ, ಗೆರೆ ಬಿಟ್ಟು ಅಡ್ಡಾದಿಡ್ಡಿ ಓಡುವ ಬಿರುಕಿಗೆ ಬೇರೆ ಕಾರಣ ಹುಡುಕಬೇಕಿಲ್ಲ. ಮುಂದೆ ಎರಡು ವಾರ ಒದ್ದೆ ಗೋಣಿ ಹೊದಿಸಿ ನೀರುಣಿಸಬೇಕು. ಅಲ್ಲಿಯವರೆಗೆ ವಾಹನ ಬಿಡುವಂತಿಲ್ಲ. ಒಂದು ಬದಿ ಮುಗಿಸಿ ಇನ್ನೊಂದು ಬದಿ ಹಿಡಿಯುವುದು, ತಿಂಗಳುಗಟ್ಟಲೆ ಟ್ರಾಫಿಕ್ ಜಾಮ್ ಆಗುವುದು ಇದರಿಂದಲೇ.

ಮಟ್ಟದ ಲೆಕ್ಕ ನೋಡಿ. 50 ಮಿ.ಮೀ. ಹೆರೆದು 200 ಮಿ.ಮೀ. ಸುರಿದರೆ ರಸ್ತೆ 150 ಮಿ.ಮೀ., ಅಂದರೆ ಅರ್ಧ ಅಡಿ ಏರಿತು. ಫುಟ್‌ಪಾತಿನ ಅಂಚುಕಲ್ಲಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ! ಫುಟ್‌ಪಾತನ್ನೂ ಮಳೆನೀರು ಚರಂಡಿಯ ಬಾಯನ್ನೂ ಹೊಸ ಮಟ್ಟಕ್ಕೆ ಹೊಂದಿಸದಿದ್ದರೆ ಮೊದಲ ಮಳೆಗೇ ನೀರು ಪಕ್ಕದ ಅಂಗಡಿಯೊಳಗೆ. ಮ್ಯಾನ್‌ಹೋಲ್ ಮುಚ್ಚಳವನ್ನೂ ಏರಿಸಬೇಕು, ಅದರ ಸುತ್ತ ಬೇರೆಯದೇ ಜಾಯಿಂಟ್ ಬಿಡಬೇಕು. ಇಲ್ಲದಿದ್ದರೆ ಅದರ ಮೂಲೆಯಿಂದಲೇ ಬಿರುಕು ಹೊರಡುತ್ತದೆ.

ಇದರಿಂದ ರಸ್ತೆ ಒಂದಿಂಚೂ ಅಗಲವಾಗುವುದಿಲ್ಲ. ಸಿಗುವುದು ಗುಂಡಿ ತಪ್ಪಿಸಲು ಬ್ರೇಕ್ ಹಾಕಬೇಕಿಲ್ಲದ ಓಟ, ಅಷ್ಟೇ. ಬಸ್ಸುಗಳು ನಿಂತು ಹೊರಡುವ, ನೀರು ನಿಂತು ಡಾಂಬರು ಜಲ್ಲಿಯನ್ನು ಬಿಟ್ಟುಕೊಡುವ ಜಂಕ್ಷನ್‌ಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಕೇಬಲ್ಲು, ನೀರಿನ ಪೈಪು ದಾಟಿಸಲು ಅಡ್ಡ ಡಕ್ಟುಗಳನ್ನು ಮೊದಲೇ ಹೂತಿಡದ ಕಡೆ, ಆಮೇಲೆ ಅಗೆಯಬೇಕಾಗಿ ಬಂದರೆ ಇದು ದುಬಾರಿ. ಡಾಂಬರಿನಂತೆ ಕೊಚ್ಚಿ ತೇಪೆ ಹಾಕಲಾಗದು. ಜಾಯಿಂಟಿನಿಂದ ಜಾಯಿಂಟಿಗೆ ಇಡೀ ಚೌಕವನ್ನೇ ಎಬ್ಬಿಸಿ ಹೊಸದಾಗಿ ಸುರಿಯಬೇಕು, ಮತ್ತೆ ಗೋಣಿ ಹೊದಿಸಿ ಕಾಯಬೇಕು.