ಡ್ರೈವ್ 'ಅಂಡರ್‌ವೋಲ್ಟೇಜ್' ಎಂದಾಗ ಇಳಿದದ್ದು ಯಾವ ವೋಲ್ಟೇಜ್?

ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ 'ಅಂಡರ್‌ವೋಲ್ಟೇಜ್' (ವೋಲ್ಟೇಜ್ ಕಡಿಮೆ) ತೋರಿಸಿ ನಿಂತರೆ ಮೊದಲ ಅನುಮಾನ ಸಪ್ಲೈ ಲೈನಿನ ಮೇಲೆ. ಮೀಟರ್ ಇಟ್ಟರೆ 400 ವೋಲ್ಟ್ ಇರುತ್ತದೆ. ರೀಸೆಟ್ ಒತ್ತಿದರೆ ಓಡುತ್ತದೆ, ಮರುದಿನ ಮತ್ತೆ ಅದೇ ಟ್ರಿಪ್, ಅಂದರೆ ಡ್ರೈವ್ ತಾನಾಗಿ ನಿಲ್ಲುವುದು.

 ಹಿಂದೆ ಲೈನಿಗೆ ನೇರ ಕಟ್ಟಿದ ಮೋಟಾರು ವೋಲ್ಟೇಜ್ ಶೇ 80ಕ್ಕಿಳಿದರೆ ಟಾರ್ಕ್ (ತಿರುಗಿಸುವ ಬಲ) ಸಾಮರ್ಥ್ಯ ಶೇ 64ಕ್ಕಿಳಿದರೂ ಹೆಚ್ಚು ಕರೆಂಟ್ ಎಳೆದು, ಬಿಸಿಯಾಗಿ, ಹೇಗೋ ತಿರುಗುತ್ತಿತ್ತು. ಕ್ಷಣದ ಕುಸಿತ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಡ್ರೈವ್ ಬಂದ ಮೇಲೆ ಅದೇ ಕುಸಿತ ಉತ್ಪಾದನೆ ನಿಲ್ಲಿಸತೊಡಗಿತು. 2000ದ ಹೊತ್ತಿಗೆ ಚಿಪ್ ಕಾರ್ಖಾನೆಗಳ 'ಸೆಮಿ ಎಫ್47' ಮಾನದಂಡವೇ ಬಂತು: ವೋಲ್ಟೇಜ್ ಅರ್ಧಕ್ಕಿಳಿದರೂ ಯಂತ್ರ 0.2 ಸೆಕೆಂಡ್ ತಾಳಬೇಕು.

ಇಲ್ಲಿ ಲೆಕ್ಕ ಮುಖ್ಯ. ಡ್ರೈವ್ ಅಳೆಯುವುದು ತನ್ನೊಳಗಿನ ಡಿ.ಸಿ. ಬಸ್ಸನ್ನು, ಅಂದರೆ ಲೈನಿನ ಎ.ಸಿ.ಯನ್ನು ಡಿ.ಸಿ. ಮಾಡಿ ಕೆಪಾಸಿಟರ್‌ನಲ್ಲಿ ಹಿಡಿದಿಟ್ಟ ವೋಲ್ಟೇಜನ್ನು. 415 ವೋಲ್ಟ್ ಲೈನಿಗೆ ಅದು ಲೋಡ್ ಇಲ್ಲದಾಗ ಸುಮಾರು 585 ವೋಲ್ಟ್, ಲೋಡ್‌ನಲ್ಲಿ 560. ಟ್ರಿಪ್ ಮಿತಿ ಸಾಮಾನ್ಯವಾಗಿ 350ರಿಂದ 430ರೊಳಗೆ. ಲೈನ್ 370ಕ್ಕಿಳಿದರೂ ಬಸ್ 500ರ ಆಸುಪಾಸಿರುತ್ತದೆ. ಆದ್ದರಿಂದ ದಿನವಿಡೀ ತುಸು ಕಡಿಮೆ ಇರುವ ಲೈನನ್ನು ದೂರುವುದು ಬಹುಮಟ್ಟಿಗೆ ವ್ಯರ್ಥ. ಕ್ಷಣದ ಕುಸಿತ, ಫೇಸ್ ಹೋಗಿರುವುದು, ಡ್ರೈವ್ ಒಳಗಿನ ದೋಷ, ಈ ಮೂರನ್ನು ಹುಡುಕಬೇಕು.

ಲೋಡ್ ಇರುವಾಗಲೇ ಮೂರೂ ಫೇಸ್‌ಗಳ ನಡುವಿನ ವೋಲ್ಟೇಜನ್ನು ಡ್ರೈವ್‌ನ ಇನ್‌ಪುಟ್ ಟರ್ಮಿನಲ್‌ನಲ್ಲೇ ಅಳೆಯಿರಿ, ಪ್ಯಾನಲ್ ಮೀಟರ್ ಸಾಲದು. ಫ್ಯೂಸ್ ಹೋಗಿದ್ದರೆ, ಲಗ್ (ತಂತಿ ತುದಿಯ ಜೋಡಣೆ) ಸಡಿಲವಾಗಿದ್ದರೆ ಹಗುರ ಲೋಡ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಲೋಡ್ ಏರಿದಾಗ ಬಸ್ ಕುಸಿಯುತ್ತದೆ, 300 ಹರ್ಟ್ಸ್ ಇದ್ದ ರಿಪಲ್ (ಬಸ್ ವೋಲ್ಟೇಜಿನ ಏರಿಳಿತ) 100ಕ್ಕೆ ಬಂದು ಕೆಪಾಸಿಟರ್ ಬಿಸಿಯಾಗುತ್ತದೆ. ಲೈನ್ ಸರಿಯಿದ್ದೂ ರನ್ ಕೊಟ್ಟ ಕೂಡಲೇ ಬಸ್ ಬಿದ್ದರೆ ಚಾರ್ಜಿಂಗ್ ರೆಸಿಸ್ಟರ್‌ನ (ಆರಂಭದಲ್ಲಿ ಕೆಪಾಸಿಟರ್ ತುಂಬುವಾಗ ಕರೆಂಟ್ ತಡೆಯುವಂಥದ್ದು) ಬೈಪಾಸ್ ರಿಲೇ ಎಳೆದು ಕೂಡಿದೆಯೇ ನೋಡಿ. ಅದು ಎಳೆಯದಿದ್ದರೆ ಪೂರ್ತಿ ಕರೆಂಟ್ ಆ ರೆಸಿಸ್ಟರ್ ಮೂಲಕವೇ ಹರಿದು ಅದೂ ಸುಡುತ್ತದೆ. ಒಳಗೆ ಕೈ ಹಾಕುವ ಮುನ್ನ ಸಪ್ಲೈ ತೆಗೆದು, ಕೈಪಿಡಿ ಹೇಳುವಷ್ಟು ಹೊತ್ತು ಕಾದು, ಬಸ್ ಸೊನ್ನೆಯಾಗಿದೆಯೆಂದು ಅಳೆದೇ ಖಚಿತಪಡಿಸಿಕೊಳ್ಳಿ. ಈ ಒಂದು ವಿಷಯದಲ್ಲಿ ಅವಸರ ಬೇಡವೇ ಬೇಡ.

ಟ್ರಿಪ್ ಸಮಯವನ್ನು ಡ್ರೈವ್‌ನ ಫಾಲ್ಟ್ ದಾಖಲೆಯಲ್ಲಿ ನೋಡಿ, ಅದೇ ಫೀಡರ್‌ನ (ಸಪ್ಲೈ ತರುವ ಲೈನಿನ) ದೊಡ್ಡ ಮೋಟಾರು ಸ್ಟಾರ್ಟ್ ಆಗುವ ಹೊತ್ತಿಗೆ ಹೋಲಿಸಿ. ಎರಡೂ ಕೂಡಿದರೆ ಆ ಮೋಟಾರಿಗೆ ನಿಧಾನವಾಗಿ ಸ್ಟಾರ್ಟ್ ಮಾಡಿಸುವ ಸಾಫ್ಟ್ ಸ್ಟಾರ್ಟರ್ ಹಾಕುವುದು ನಿಜವಾದ ಪರಿಹಾರ. ಟ್ರಿಪ್ ಮಿತಿ ಇಳಿಸುವುದು ಅಲ್ಲ. ಕೈನೆಟಿಕ್ ಬಫರಿಂಗ್, ಅಂದರೆ ತಿರುಗುವ ಲೋಡಿನ ಶಕ್ತಿಯಿಂದಲೇ ಬಸ್ಸನ್ನು ಕ್ಷಣಕಾಲ ಹಿಡಿದಿಡುವುದು, ಫ್ಯಾನಿನಂಥ ಭಾರಿ ಜಡತ್ವದ ಲೋಡಿಗೆ ಒದಗುತ್ತದೆ, ಪಂಪಿಗೆ ಅಷ್ಟಾಗಿ ಅಲ್ಲ. ಟ್ರಿಪ್ ಆದ ಮೇಲೆ ತಾನೇ ಮತ್ತೆ ಓಡಿಸುವ ಆಟೋ ರೀಸ್ಟಾರ್ಟನ್ನು ಜನ ಓಡಾಡುವ ಕನ್ವೇಯರ್‌ಗೆ ಕೊಡಬೇಡಿ.